ಮೂವತ್ತಮೂರನೆಯ ಹೆಜ್ಜೆಯ ಗೇಟು

ನಮ್ಮ ಕಾಲೇಜಿನ ಗೇಟನ್ನು ನಾನು ಕಿತ್ತುಕೊಂಡು ಹೋದೆ ಎಂದು ಊರೆಲ್ಲ ಆಡಿಕೊಳ್ಳುತ್ತಿದೆ. ಕಿತ್ತಿದ್ದು ನಿಜ, ಕೊಂಡುಹೋದದ್ದು ಸುಳ್ಳು. ಗೇಟು ಕಾಲೇಜಿನಲ್ಲೇ ಇದೆ. ಮುಂದುಗಡೆ ಇದ್ದದ್ದು ಹಿಂದುಗಡೆ ಬಂದಿದೆ, ಅಷ್ಟೇ. ಈ ಕೆರೆ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತಿದ್ದೇನೆ. ಅಷ್ಟು ವರ್ಷದಲ್ಲಿ ನಾನು ಬರೆದ ಒಂದು ಅರ್ಜಿಗೂ ಪುರಸಭೆಯಿಂದ ಒಂದು ಸಾಲಿನ ಉತ್ತರ ಬಂದಿಲ್ಲ. ಗೋಲಿಗೆ ಬಲೆ ಕೊಡಿ ಎಂದೆ, ಇಲ್ಲ. ಬಿದ್ದ ಗೋಡೆ ಕಟ್ಟಿಸಿ ಎಂದೆ, ಅದೂ ಇಲ್ಲ. ಈಗ ತುಕ್ಕು ಹಿಡಿದ ಒಂದು ಗೇಟು ಜಾಗ ಬದಲಿಸಿದ್ದಕ್ಕೆ ಮೂರು ಪುಟದ ನೋಟೀಸು!

ನೋಟೀಸಿನಲ್ಲಿ ಗೇಟಿನ ವಿಷಯ ಬರುವುದು ಕೊನೆಗೆ. ಮೊದಲ ಎರಡು ಪುಟದ ತುಂಬ ಒಂದೇ ಪ್ರಶ್ನೆಯನ್ನು ನಾಲ್ಕು ಥರ ಕೇಳಿದ್ದಾರೆ. ಮಾದೇವಿ ಎಂಬ ಆಟಗಾರ್ತಿ ಬೆಟ್ಟದ ಕಾಲೇಜನ್ನು ಬಿಟ್ಟು ಕೆರೆ ಕಾಲೇಜನ್ನು ಆರಿಸಿಕೊಳ್ಳಲು ಕಾರಣವೇನು? ಆಕೆಗೆ ತಾವು ಒಡ್ಡಿದ ಆಮಿಷ ಯಾವುದು? ಆಮಿಷವಂತೆ! ನಮ್ಮ ಹಾಸ್ಟೆಲಿನಲ್ಲಿ ಆಟದ ಹುಡುಗಿಯರಿಗೆ ವಾರಕ್ಕೆ ಎರಡು ಮೊಟ್ಟೆ ಕೊಡುತ್ತೇವೆ. ಅದರ ಮೇಲೆ ನಾನು ಒಡ್ಡಬಹುದಾದದ್ದು ನನ್ನ ಬೈಗುಳ ಒಂದೇ. ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ತಿಂದವರು ಯಾರು, ಒರೆಸಿದ್ದು ಯಾರಿಗೆ ಎಂದು ನಾನೇ ಹೇಳುತ್ತೇನೆ.

ನಮ್ಮೂರಿನಲ್ಲಿ ಯಾರೂ ಯಾರನ್ನೂ 'ಎಷ್ಟು ದೂರ' ಎಂದು ಕೇಳುವುದಿಲ್ಲ. ಹೋಗುವ ಮನಸ್ಸಿದ್ದವರಿಗೆ ಹತ್ತಿರ, ಇಲ್ಲದವರಿಗೆ ದೂರ. ಕೇಳಿ ತಿಳಿಯುವುದೇನಿದೆ? ಹಲ್ಲಿನ ಡಾಕ್ಟರ ಹತ್ತಿರ ಹೋಗುವವರು ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಪುರಸಭೆ ಕಚೇರಿ ಊರಿನವರಿಗೆ ಮೂರು ಮೈಲಿ, ಅಲ್ಲಿ ಕೆಲಸ ಮಾಡುವವರಿಗೆ ನಾಲ್ಕು. ಗಂಡ ಮನೆಗೆ ತಡವಾಗಿ ಬಂದರೆ ಹೆಂಡತಿ ಕಾರಣ ಕೇಳುವುದಿಲ್ಲ, ಸುಮ್ಮನೆ ತಟ್ಟೆ ಇಡುತ್ತಾಳೆ. ಬಸ್ಸು ಡ್ರೈವರನ ದಾರಿಯನ್ನೇ ಹಿಡಿಯುತ್ತದೆ. ಹಾಗಾಗಿ ಹೊಸದಾಗಿ ಮದುವೆಯಾದ ಡ್ರೈವರನನ್ನು ಅವನ ಹೆಂಡತಿ ಇರುವ ಬೀದಿಯ ಕಡೆಗೇ ಹಾಕಿ ಎಂದು ಆ ಬೀದಿಯವರೆಲ್ಲ ಸಹಿ ಮಾಡಿ ಅರ್ಜಿ ಕೊಡುತ್ತಾರೆ. ಇನ್ನೊಬ್ಬರ ಬಟ್ಟೆಯ ತುದಿ ಹಿಡಿದು ನಡೆದರೆ ಅವರ ದಾರಿಯೇ ನಿಮ್ಮ ದಾರಿ. ಮಕ್ಕಳು ಅಮ್ಮಂದಿರ ಸೆರಗು ಹಿಡಿದು ಶಾಲೆಗೆ ಹೋಗುವುದು ಅದಕ್ಕೇ. ಇಲ್ಲದಿದ್ದರೆ ಗಣಿತದ ಪೀರಿಯಡ್ಡಿಗೆ ಒಂದು ಮಗುವೂ ತಲುಪುತ್ತಿರಲಿಲ್ಲ.

ಊರಿಗೆ ಎರಡು ಕಾಲೇಜು. ಬೆಟ್ಟದ ಮೇಲೆ ಒಂದು, ಕೆರೆಯ ಪಕ್ಕದಲ್ಲಿ ನಮ್ಮದು. ಆಟದ ಹುಡುಗಿಯರಿಗಾಗಿ ಎರಡೂ ಕಾಲೇಜುಗಳು ಕಿತ್ತಾಡುವುದು ನಮ್ಮ ಅಜ್ಜಿಯರ ಕಾಲದಿಂದ ಇದೆ. ಆಗ ಹಿರಿಯರು ಸೇರಿ ಹೆಜ್ಜೆ ಎಣಿಕೆ ಎಂಬ ಪದ್ಧತಿ ತಂದರು. ಹುಡುಗಿ ಎರಡು ಕಾಲೇಜಿನಲ್ಲೂ ಒಂದೊಂದು ದಿನ ಆಡಿ ನೋಡಬೇಕು. ಆಮೇಲೆ ಪೇಟೆಯ ನಾಲ್ಕು ಕಂಬದ ಮಂಟಪದಿಂದ ಸೊಂಟಕ್ಕೆ ಬಿಳಿ ಶಲ್ಯ ಕಟ್ಟಿಕೊಂಡು ಒಂದು ಕಾಲೇಜಿನ ಗೇಟಿಗೆ, ಮತ್ತೆ ಮಂಟಪಕ್ಕೆ ಬಂದು ಇನ್ನೊಂದರ ಗೇಟಿಗೆ ನಡೆಯಬೇಕು. ಶಲ್ಯದ ತುದಿ ಹಿಡಿದು ಪುರಸಭೆಯ ಗುಮಾಸ್ತ ಹಿಂದೆ ನಡೆಯುತ್ತಾ ಹೆಜ್ಜೆ ಎಣಿಸುತ್ತಾನೆ. ಗೇಟಿಗೆ ಕೈ ಮುಟ್ಟಿಸಿದಲ್ಲಿಗೆ ಎಣಿಕೆ ಮುಗಿಯಿತು. ಯಾವುದಕ್ಕೆ ಹೆಜ್ಜೆ ಕಡಿಮೆಯೋ ಆ ಕಾಲೇಜು. ಅಪ್ಪ ಹೇಳಿದ, ಮಾವ ಗದರಿಸಿದ, ಯಾರೋ ಆಸೆ ತೋರಿಸಿದರು ಎಂಬುದೊಂದೂ ನಡೆಯಬಾರದು, ಹುಡುಗಿಯ ಮನಸ್ಸೊಂದೇ ಮಾತಾಡಬೇಕು ಎಂದು ಮಾಡಿದ ಪದ್ಧತಿ ಇದು. ರಂಗೋಲಿಯ ಕೆಳಗೆ ನುಸುಳುವವರು ಇದರಲ್ಲೂ ನುಸುಳಿದರು.

ಈಗ ಇಪ್ಪತ್ತು ವರ್ಷದಿಂದ ಎಣಿಸುತ್ತಿರುವವನು ಹೆಜ್ಜೆ ರುದ್ರಯ್ಯ. ನೂರು ಹೆಜ್ಜೆಗೊಂದರಂತೆ ಎಡಜೇಬಿನ ಹುಣಸೆಬೀಜವನ್ನು ಬಲಜೇಬಿಗೆ ಹಾಕುತ್ತಾ ಬರುತ್ತಾನೆ. ಸುಳ್ಳು ಹೇಳುವವನಲ್ಲ, ನಿಜಕ್ಕೆ ಸಾಕ್ಷಿ ನಿಲ್ಲುವವನೂ ಅಲ್ಲ.

ಮಾದೇವಿ ನಮ್ಮ ಮೈದಾನಕ್ಕೆ ಬಂದ ದಿನ ನೆನಪಿದೆ. ಹದಿನೇಳು ವರ್ಷ. ಪೇಟೆಯ ಹೊಂಗೆಮರದ ಕೆಳಗೆ ಗಾಡಿ ಇಟ್ಟುಕೊಂಡು ಬಟ್ಟೆ ಇಸ್ತ್ರಿ ಮಾಡುವ ರಾಚಮ್ಮನ ಒಬ್ಬಳೇ ಮಗಳು. ಬರಿಗಾಲು. ಅವಳ ಎಡಗಾಲಿಗೆ ತಾಕಿದ ಚೆಂಡು ಸಾಕಿದ ಬೆಕ್ಕಿನ ಹಾಗೆ ಅವಳ ಹಿಂದೆಯೇ ಬರುತ್ತಿತ್ತು. ನಾನು ವಿಷಲ್ ಬಾಯಲ್ಲಿಟ್ಟುಕೊಂಡು ಊದುವುದನ್ನೇ ಮರೆತೆ. ಇಪ್ಪತ್ತೆರಡು ವರ್ಷದಲ್ಲಿ ಅಂಥ ಕಾಲು ನಾನು ಕಂಡಿರಲಿಲ್ಲ. ಈ ಹುಡುಗಿ ನಮಗೆ ಬೇಕೇ ಬೇಕು ಎಂದುಕೊಂಡೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆದರೆ ನಮ್ಮ ನೆಲ ನಿಜವಾಗಿಯೂ ಡೊಂಕು. ಕೆರೆಯಂಚಿನ ಬಿರುಕುಬಿಟ್ಟ ಮಣ್ಣು, ಅಲ್ಲಲ್ಲಿ ಏಡಿ ತೋಡಿದ ಬಿಲ. ಮಾದೇವಿ ಗೋಲಿನತ್ತ ಓಡುತ್ತಿದ್ದಾಗ ಅಂಥದೊಂದು ಬಿಲಕ್ಕೆ ಕಾಲು ಸಿಕ್ಕಿ ಮುಗ್ಗರಿಸಿ ಬಿದ್ದಳು. ಚೆಂಡು ನಮ್ಮ ಡಿಫೆನ್ಸಿನ ಜುಬೇದಾಳ ಕಾಲಿಗೆ ಬಂತು. ಮುಂದೆ ಇಡೀ ಮೈದಾನ ಖಾಲಿ. ಓಡುವುದು ಬಿಟ್ಟು ಆ ಪುಣ್ಯಾತ್ಗಿತ್ತಿ ಚೆಂಡನ್ನು ಗೆರೆಯಾಚೆ ಒದ್ದು, ಬಿದ್ದವಳ ಹತ್ತಿರ ಹೋಗಿ ಕೂತಳು. ಅವಳನ್ನು ನೋಡಿ ಮಿಕ್ಕವರೂ ನಿಂತರು. ಒಬ್ಬಳು ನೀರು ತಂದಳು. ಜುಬೇದಾ ತನ್ನ ಜೆರ್ಸಿಯ ಅಂಚಿನಿಂದ ಮಂಡಿಯ ಮಣ್ಣು ಒರೆಸುತ್ತಾ ಏನೋ ಹೇಳಿ ನಗಿಸುತ್ತಿದ್ದಳು.

ನನಗೆ ಮೈಯೆಲ್ಲ ಉರಿದುಹೋಯಿತು. "ಯಾರೇ ನಿಲ್ಸೋಕೆ ಹೇಳಿದ್ದು? ವಿಷಲ್ ಆಯ್ತಾ? ಇದೇನು ಮೈದಾನಾನಾ, ಬಾಣಂತಿ ಮನೇನಾ? ಜುಬೇದಾ, ಹತ್ತು ಸುತ್ತು ಓಡು!" ಎಂದು ಕೂಗಿದೆ. ಒಳ್ಳೆಯ ಆಟಗಾರ್ತಿಯ ಮುಂದೆ ನಮ್ಮ ಮಾನ ಹೋಯಿತು, ಇವರಿಗೆ ಆಟದ ಶಿಸ್ತೇ ಗೊತ್ತಿಲ್ಲ ಎಂದು ತಿಳಿದಾಳು ಎಂಬ ಸಿಟ್ಟು. ಜುಬೇದಾ ಓಡಿದಳು. ಮಾದೇವಿ ಮಂಡಿ ಹಿಡಿದುಕೊಂಡು ಗೆರೆಯ ಮೇಲೆ ಕೂತು, ಆ ಹತ್ತು ಸುತ್ತು ಮುಗಿಯುವವರೆಗೆ ಏಳಲಿಲ್ಲ. ನೋವಿಗೆ ಕೂತಿದ್ದಾಳೆ ಎಂದುಕೊಂಡೆ.

ಮರುದಿನ ಅವಳು ಬೆಟ್ಟದ ಕಾಲೇಜಿನಲ್ಲಿ ಆಡಿದಳು. ನಾನೂ ನೋಡಲು ಹೋದೆ. ನನಗೆ ಆ ಬೆಟ್ಟ ಎರಡು ಗಂಟೆಯ ದಾರಿ. ಹಸಿರು ಹುಲ್ಲು, ಬಿಳಿ ಬಲೆ, ಸಾಲಾಗಿ ಹೊಸ ಬೂಟು. ಅಲ್ಲಿಯೂ ಅವಳು ಒಮ್ಮೆ ಬಿದ್ದಳು, ಯಾರದೋ ಕಾಲು ತಾಕಿ. ಯಾರೂ ನಿಲ್ಲಲಿಲ್ಲ, ಆಟ ಅವಳ ಸುತ್ತಲೇ ನಡೆಯಿತು. ಗೆರೆಯ ಪಕ್ಕ ನಿಂತಿದ್ದ ಸಹಾಯಕ ಗಡಿಯಾರ ಒತ್ತಿ ಏನನ್ನೋ ಬರೆದುಕೊಂಡ. ಅಲ್ಲಿನ ಕೋಚ್ ಗಜಾನನ ನನ್ನತ್ತ ತಿರುಗಿ, "ಬಿದ್ದು ಏಳೋದಕ್ಕೆ ಹನ್ನೊಂದು ಸೆಕೆಂಡ್ ತಗೊಂಡ್ಲು ಮೇಡಂ. ಆರಕ್ಕೆ ಇಳಿಸ್ಬೋದು, ನಾವು ಇಳಿಸ್ತೀವಿ" ಎಂದರು. ಸತ್ಯ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು. ನಮ್ಮಲ್ಲಿ ಅಂಥ ಗಡಿಯಾರವೂ ಇಲ್ಲ.

ಅದಾದ ಎರಡು ದಿನಕ್ಕೆ ಗಜಾನನ ಹೊಂಗೆಮರದ ಕೆಳಗೆ ಹೋಗಿ ರಾಚಮ್ಮನ ಮುಂದೆ ಕೈಮುಗಿದು ನಿಂತಿದ್ದರಂತೆ. ಬೆಟ್ಟದ ಹಾಸ್ಟೆಲಿನ ಬಟ್ಟೆಯೆಲ್ಲ ಇಸ್ತ್ರಿ ಮಾಡುವ ಕೆಲಸ, ಕರೆಂಟಿನ ಪೆಟ್ಟಿಗೆ, ಇರಲು ಒಂದು ಕೋಣೆ. ಇಪ್ಪತ್ತು ವರ್ಷ ಕೆಂಡದ ಹೊಗೆ ಕುಡಿದ ಹೆಂಗಸು. ಒಪ್ಪದೆ ಏನು ಮಾಡುತ್ತಾಳೆ? ಸುದ್ದಿ ಕೇಳಿದಾಗ ನನ್ನ ಹುಡುಗಿಯರು, "ಮಿಸ್, ನೀವೂ ಒಂದ್ಸಲ ಹೋಗಿ ಮಾತಾಡಿ" ಎಂದರು. ನಾನು ಹೋಗಲಿಲ್ಲ. ಯಾರ ಮನೆ ಬಾಗಿಲಿಗೂ ಹೋಗಿ ಹಲ್ಲುಗಿಂಜುವವಳಲ್ಲ ನಾನು, ಮನಸ್ಸಿದ್ದರೆ ದಾರಿಯೇ ಕರೆದುಕೊಂಡು ಬರುತ್ತದೆ ಎಂದು ದೊಡ್ಡದಾಗಿ ಭಾಷಣ ಬಿಗಿದೆ.

ಎಣಿಕೆಯ ದಿನ ಊರೇ ಸೇರಿತ್ತು. ನಾನು ಹುಡುಗಿಯರಿಗೆಲ್ಲ ಒಗೆದ ಜೆರ್ಸಿ ಹಾಕಿಸಿ ನಮ್ಮ ಗೇಟಿನ ಮುಂದೆ ಸಾಲಾಗಿ ನಿಲ್ಲಿಸಿ ಮಂಟಪಕ್ಕೆ ಬಂದಿದ್ದೆ. ಮೊದಲು ಬೆಟ್ಟದ ಸರದಿ. ಮಾದೇವಿ ಹೆಜ್ಜೆ ಇಟ್ಟದ್ದೇ ತಡ, ಬೆಟ್ಟವೇ ಇಳಿದು ಬಂದ ಹಾಗೆ ಗೇಟು ಎದುರಿಗೆ ಬಂತು. ಐವತ್ತನಾಲ್ಕು ಹೆಜ್ಜೆ! ರುದ್ರಯ್ಯನ ಅಂಗಿ ಹಿಡಿದು ಹಿಂದೆಯೇ ಬಂದಿದ್ದ ನಾನು ದಂಗಾಗಿ ನೋಡಿದೆ. ಗೇಟಿನ ಪಕ್ಕದಲ್ಲಿ ಮೇಜು. ಮೇಜಿನ ಹಿಂದೆ ರಾಚಮ್ಮ, ಕೈಯಲ್ಲಿ ಹೊಸ ಇಸ್ತ್ರಿ ಪೆಟ್ಟಿಗೆ. ಕೆಲಸಕ್ಕೆ ಸೇರಬೇಕಾದ ದಿನ ಅದೇ ದಿನ, ಕೂರಬೇಕಾದ ಜಾಗ ಅದೇ ಜಾಗ ಎಂದು ಗಜಾನನ ಹೇಳಿದ್ದರಂತೆ. ಅಪ್ಪನನ್ನು ಕಾಣದೆ ಬೆಳೆದ ಹುಡುಗಿ. ತಾಯಿ ನಿಂತಿರುವ ಕಡೆಗೆ ಅವಳಿಗೆ ದಾರಿ ಉದ್ದವಾಗುತ್ತದೆಯೇ? ಅವಳು ಕಾಲೇಜಿಗೆ ಹೋಗಲಿಲ್ಲ, ಅಮ್ಮನ ಹತ್ತಿರ ಹೋದಳು. ನಮ್ಮ ಗೇಟಿಗೆ ಎಪ್ಪತ್ತೊಂದು ಹೆಜ್ಜೆ ಬಂತು.

"ಇದು ಮೋಸ!" ಎಂದು ನಾನು ಮಂಟಪದ ಮೆಟ್ಟಿಲ ಮೇಲೆ ನಿಂತು ಕಿರುಚಿದೆ. "ತಾಯೀನ ಗೇಟಲ್ಲಿ ನಿಲ್ಸಿದ್ದಾರಲ್ಲ ರುದ್ರಯ್ಯನವರೇ, ನಿಮ್ಮ ಕಣ್ಣಿಗೆ ಕಾಣ್ಲಿಲ್ವಾ?"

ರುದ್ರಯ್ಯ ಜೇಬಿನ ಹುಣಸೆಬೀಜ ಮುಟ್ಟಿ ನೋಡಿಕೊಂಡ. "ಕಂಡ್ತು ಮೇಡಂ. ಆದ್ರೆ ಗೇಟ್ ಹತ್ರ ಯಾರಿರ್ಬೇಕು, ಯಾರಿರ್ಬಾರ್ದು ಅಂತ ರೂಲ್ಸಲ್ಲಿ ಇಲ್ಲ. ನಿಮ್ ಹುಡ್ಗೀರೂ ನಿಂತಿದ್ರಲ್ಲ?" ಎಂದ. ಒಗೆದ ಜೆರ್ಸಿ ಹಾಕಿಸಿ ನಿಲ್ಲಿಸಿದವಳು ನಾನೇ ತಾನೇ?

ಆಮೇಲೆ ಊರಿನವರ ಬಾಯಿಗೆ ಬೀಗವೆಲ್ಲಿ? ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ, ನಲ್ಲಿಯ ಹತ್ತಿರ, ಎಲ್ಲೆಲ್ಲೂ ಮಾದೇವಿ ಬೆಟ್ಟವನ್ನು ಯಾಕೆ ಆರಿಸಿಕೊಂಡಳು ಎಂಬ ವ್ಯಾಖ್ಯಾನ. ಹುಲ್ಲು ನೋಡಿ ಹೋದಳು ಎಂದರು ಕೆಲವರು. ಬೂಟಿಗೆ ಎಂದರು. ಗೆಲ್ಲುವ ಎತ್ತಿನ ಬಾಲ ಹಿಡಿಯುವುದು ಜಾಣತನ ಎಂದ ಒಬ್ಬ, ಜೀವಮಾನದಲ್ಲಿ ಚೆಂಡು ಮುಟ್ಟದವನು. ಬೆಟ್ಟದವರ ನೀಲಿ ಜೆರ್ಸಿ ಅವಳ ಬಣ್ಣಕ್ಕೆ ಒಪ್ಪುತ್ತದೆ ಎಂದು ಕೂಡ ಒಬ್ಬಳು ಹೇಳಿದಳು. ಹುಡುಗಿಯನ್ನು ಕೇಳಿದವರು ಒಬ್ಬರಿಲ್ಲ. ನಾನೂ ಕೇಳಿರಲಿಲ್ಲ, ಆ ಮಾತು ಬೇರೆ.

ಹದಿನೈದು ದಿನ ಕಳೆಯಿತು. ಬೆಟ್ಟದಿಂದ ಒಂದೊಂದೇ ಸುದ್ದಿ ಇಳಿಯತೊಡಗಿತು. ಅಲ್ಲಿ ಹಾಸ್ಟೆಲಿನ ಹಿಂದೆಯೇ ಮೈದಾನ. ಮಿಕ್ಕವರು ಎರಡು ನಿಮಿಷದಲ್ಲಿ ಮುಟ್ಟುವ ಕಡೆಗೆ ಮಾದೇವಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತಂತೆ. ಬೆಳಕು ಹರಿಯುವ ಮೊದಲೇ ಹೊರಟರೂ ತಡ. ಗಜಾನನ ಅವಳನ್ನು ಎಲ್ಲರ ಮುಂದೆ ಸೋಮಾರಿ ಎಂದರಂತೆ. ನಮ್ಮೂರಿನಲ್ಲಿ ಹುಟ್ಟಿ ಬೆಳೆದವನು ಆಡುವ ಮಾತೇ ಅದು? ದಾರಿ ಉದ್ದವಾದರೆ ಅದರ ಅರ್ಥ ಎದೆಹಾಲು ಕುಡಿಯುವ ಮಗುವಿಗೂ ಗೊತ್ತು! ಆಮೇಲೆ ಇನ್ನೊಂದು ಉಪಾಯ ಮಾಡಿದರು. ಬೇರೊಬ್ಬ ಹುಡುಗಿಯ ಜೆರ್ಸಿಯ ತುದಿಯನ್ನು ಮಾದೇವಿಯ ಕೈಗೆ ಕೊಟ್ಟು, ಬಾಲವಾಡಿಯ ಮಗುವನ್ನು ಕರೆತರುವ ಹಾಗೆ ಮೈದಾನಕ್ಕೆ ಕರೆತಂದರು. ಆದರೆ ಮೈದಾನಕ್ಕೆ ಬಂದ ಮೇಲೆ ಯಾರ ಜೆರ್ಸಿ ಹಿಡಿದು ಆಡುವುದು? ಹತ್ತು ಅಡಿಯಲ್ಲಿದ್ದ ಚೆಂಡು ಅವಳು ಓಡಿದಷ್ಟೂ ಅಲ್ಲೇ ಇರುತ್ತಿತ್ತಂತೆ. ಆ ಎಡಗಾಲಿಗೆ ಚೆಂಡು ಸಿಗದಾಯಿತು.

ಹದಿನಾರನೆಯ ದಿನ ಮಧ್ಯಾಹ್ನ ರಾಚಮ್ಮ ನಮ್ಮ ಮೈದಾನಕ್ಕೆ ಬಂದಳು. ಬೆವರಿರಲಿಲ್ಲ, ಉಸಿರೂ ಏರಿರಲಿಲ್ಲ. ಅಷ್ಟು ಹತ್ತಿರವಾಗಿತ್ತು ಅವಳಿಗೆ ನನ್ನಲ್ಲಿಗೆ ಬರುವ ದಾರಿ.

"ಮೇಡಂ, ನಾನಲ್ಲಿ ಗೇಟಲ್ಲಿ ಕೂತು ದಿನಾ ನೋಡ್ತಿದೀನಿ. ನನ್ ಮಗಳು ಚೆಂಡಿನ್ ಹಿಂದೆ ಓಡ್ತಾಳೆ, ಓಡ್ತಾಳೆ, ಸಿಗಲ್ಲ. ಕೈಲಿರೋ ಅನ್ನ ಬಾಯಿಗೆ ಬರ್ದೇ ಇದ್ದಂಗೆ. ನಾನೇ ಅವ್ಳನ್ನ ಎಳ್ಕೊಂಡೆ ಅಲ್ವಾ ಅಲ್ಲಿಗೆ?"

"ನಿಮ್ಮ ತಪ್ಪಲ್ಲ ರಾಚಮ್ಮ. ಆ ಗಜಾನನಂದು," ಎಂದೆ.

"ಅವ್ರದ್ದು ಸರಿ. ನಿಮ್ದು?" ಎಂದು ಅವಳು ನನ್ನ ಮುಖವನ್ನೇ ನೋಡಿದಳು. "ಗೇಟಲ್ಲಿ ನಿಂತ್ರೆ ಹಿಂಗಾಗುತ್ತೆ ಅಂತ ನಿಮ್ಗೆ ಗೊತ್ತಿತ್ತು. ಬಟ್ಟೆ ಉಜ್ಜೋಳಿಗೆ ಏನ್ ಗೊತ್ತು ಎಣಿಕೆ ರೂಲ್ಸು? ಒಂದ್ ಮಾತು ಬಂದ್ ಹೇಳಿದ್ರೆ ನಿಮ್ ಗಂಟೇನ್ ಹೋಗ್ತಿತ್ತು? ಹೊಂಗೆಮರದ ಹತ್ರ ಬರೋಕೆ ನಿಮ್ಗೆ ಅಷ್ಟು ದೂರಾನಾ ಮೇಡಂ?"

ನಮ್ಮೂರಿನಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ನಾನು ತಲೆತಗ್ಗಿಸಿದೆ.

ಹೆತ್ತವರು ಕೇಳಿದರೆ ಇಪ್ಪತ್ತು ದಿನದೊಳಗೆ ಇನ್ನೊಮ್ಮೆ ಎಣಿಸಬೇಕೆಂಬ ನಿಯಮವಿದೆ. ಅವತ್ತೇ ಅರ್ಜಿ ಬರೆದೆ, ಅವಳು ಹೆಬ್ಬೆಟ್ಟು ಒತ್ತಿದಳು. ಎಣಿಕೆಯ ದಿನ ನಾನು ಎಲ್ಲಿ ನಿಲ್ಲಲಿ ಎಂದು ಕೇಳಿದಳು. ನಮ್ಮ ಗೇಟಿನಲ್ಲಿ ನಿಲ್ಲು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. "ಮಂಟಪದಲ್ಲೇ, ಅವಳ ಪಕ್ಕದಲ್ಲೇ ನಿಂತ್ಕೊಳ್ಳಿ. ನೀವು ಜೊತೇಲಿದ್ರೆ ಯಾವ ಕಡೆಗೂ ಎಳೆತ ಇರಲ್ಲ. ಆದ್ರೆ ಬೆಟ್ಟದ ಕೆಲಸ ಹೋಗುತ್ತೆ ರಾಚಮ್ಮ. ನಮ್ಮಲ್ಲಿ ನಿಮಗೆ ಕೊಡೋಕೆ ಏನೂ ಇಲ್ಲ," ಎಂದೆ.

"ಹೋಗ್ಲಿ ಬಿಡಿ. ನನ್ ಹಳೇ ಪೆಟ್ಟಿಗೆ ಇನ್ನೂ ಇದೆ, ಕೆಂಡ ಎಲ್ಲಾದ್ರೂ ಸಿಗುತ್ತೆ," ಎಂದು ಸೆರಗು ಕೊಡವಿಕೊಂಡು ಎದ್ದಳು.

ಎರಡನೆಯ ಎಣಿಕೆಯ ದಿನ ನಾನು ಹುಡುಗಿಯರಿಗೆ ಕಟ್ಟಾಜ್ಞೆ ಮಾಡಿದೆ. ಗೇಟಿನ ಹತ್ತಿರ ಒಂದು ನರಪಿಳ್ಳೆಯೂ ನಿಲ್ಲಕೂಡದು, ಎಲ್ಲರೂ ಮೈದಾನದಲ್ಲಿ ಎಂದಿನಂತೆ ಆಡುತ್ತಿರಬೇಕು, ಆಸೆ ತೋರಿಸಿ ಕರೆಯುವ ಚಾಳಿ ಬೆಟ್ಟದವರಿಗೇ ಇರಲಿ ಎಂದೆ. ನ್ಯಾಯವಾಗಿಯೇ ನಡೆದುಕೊಂಡೆ ನೋಡಿ. ಅದೇ ನನ್ನ ಕುತ್ತಿಗೆಗೆ ಬಂತು.

ಮಂಟಪದಲ್ಲಿ ರಾಚಮ್ಮ ಮಗಳ ಸೊಂಟಕ್ಕೆ ತಾನೇ ಶಲ್ಯ ಕಟ್ಟಿದಳು. ಮೊದಲು ಬೆಟ್ಟ. ಮಾದೇವಿ ನಡೆದಳು, ರುದ್ರಯ್ಯ ಹಿಂದೆ. ಒಂದು ಬೀಜ ಜೇಬು ಬದಲಿಸಿತು, ಎರಡು, ಐದು, ಹತ್ತು. ನೋಡಲು ಬಂದಿದ್ದವರು ಕಡಲೆಕಾಯಿ ತಿಂದು ಮುಗಿಸಿ ಮನೆಗೆ ಹೋಗಿ ಊಟ ಮಾಡಿ ಬಂದರು. ಇಳಿಬಿಸಿಲಿಗೆ ಹುಡುಗಿ, ಗುಮಾಸ್ತ ಇಬ್ಬರೂ ಮಂಟಪಕ್ಕೆ ತಿರುಗಿ ಬಂದಾಗ ರುದ್ರಯ್ಯನ ಚಪ್ಪಲಿಯ ಉಂಗುಷ್ಠ ಕಿತ್ತಿತ್ತು. "ಮೂರು ಸಾವಿರದ ಎಂಟುನೂರ ಹನ್ನೆರಡು," ಎಂದು ಹೇಳಿ ಕಲ್ಲಿನ ಮೇಲೆ ಕುಸಿದು ಕೂತ. ನನಗೆ ಕುಣಿಯುವಂತಾಯಿತು.

ಇನ್ನು ನಮ್ಮದು. ಮಾದೇವಿ ತಾಯಿಯ ಕೈ ಒಮ್ಮೆ ಅದುಮಿ ಹೊರಟಳು. ಹತ್ತು ಹೆಜ್ಜೆಗೆ ಪೇಟೆ ಹಿಂದಾಯಿತು, ಇಪ್ಪತ್ತಕ್ಕೆ ಕೆರೆಯ ಏರಿ ಕಂಡಿತು. ನಾವೆಲ್ಲ ರುದ್ರಯ್ಯನ ಅಂಗಿಯ ಹಿಂದೆ ಒಬ್ಬರ ಬಟ್ಟೆ ಒಬ್ಬರು ಹಿಡಿದು ಸಾಲಾಗಿ ಓಡುತ್ತಿದ್ದೆವು. ಗೇಟು ಎಡಗಡೆಗಿತ್ತು. ಅವಳ ಕಾಲು ಬಲಕ್ಕೆ ತಿರುಗಿತು. ಮೂವತ್ತೊಂದನೆಯ ಹೆಜ್ಜೆಗೆ ಅವಳು ನಿಂತದ್ದು ಮೈದಾನದ ಹಿಂಬದಿಯಲ್ಲಿ, ಬಿದ್ದುಹೋದ ಗೋಡೆಯ ಸಂದಿನಲ್ಲಿ. ಆ ಕಡೆ ನಮ್ಮ ಹುಡುಗಿಯರು ಧೂಳೆಬ್ಬಿಸಿಕೊಂಡು ಆಡುತ್ತಿದ್ದರು.

"ಗೇಟೆಲ್ಲಿ?" ಎಂದರು ಗಜಾನನ. ನಗು ಅವರ ಮೀಸೆಯವರೆಗೆ ಬಂದಿತ್ತು.

ರುದ್ರಯ್ಯ ಮುಖ ಸಣ್ಣದು ಮಾಡಿಕೊಂಡ. "ಅಮ್ಮಾ ಮಾದೇವಿ, ಗೇಟ್ ತನ್ಕ ನಡೀಬೇಕು ಕಣಮ್ಮ. ಕೈ ಮುಟ್ಟಿಸ್ಬೇಕು. ಹೊತ್ತು ಮುಳುಗೋದ್ರೊಳ್ಗೆ ಮುಟ್ಟಿಸ್ದಿದ್ರೆ ಮೊದ್ಲಿನ್ ಎಣಿಕೇನೇ ಕಾಯಂ."

"ಇನ್ನೆಲ್ಲಿಗೆ ಸಾರ್? ನಾನು ಬಂದಾಯ್ತಲ್ಲ," ಎಂದಳು ಮಾದೇವಿ.

ಸರಿಯಾಗಿಯೇ ಹೇಳಿದಳು. ಬಂದು ಸೇರಿದವಳಿಗೆ ಮತ್ತೆಲ್ಲಿಯ ದಾರಿ? ಅಲ್ಲಿಂದ ಆ ಗೇಟಿಗೆ ನಡೆಯಲು ಹೊರಟರೆ ಹೊತ್ತು ಮುಳುಗಿದರೂ ಮುಗಿಯುವುದಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ ಒಬ್ಬರೂ ಬಾಯಿ ಬಿಡಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಬಿಡ! ಹುಡುಗಿಯ ಮನಸ್ಸು ತಿಳಿಯಲು ತಾನೇ ಇವರು ಬೆಳಗಿನಿಂದ ಹುಣಸೆಬೀಜ ಎಣಿಸಿದ್ದು? ಮನಸ್ಸು ಗೋಡೆಯ ಸಂದಿನಲ್ಲಿ ಬಂದು ನಿಂತಿದೆ, ಇವರಿಗೆ ಕಬ್ಬಿಣ ಬೇಕು. ಆ ಗೋಡೆ ಕಟ್ಟಿಸಿ ಎಂದು ನಾನು ಹನ್ನೊಂದು ಅರ್ಜಿ ಕೊಟ್ಟಿದ್ದೆ. ಕಟ್ಟಿಸಿದ್ದರೆ ಅವಳು ಗೇಟಿಗೇ ಬರುತ್ತಿದ್ದಳೇನೋ. ಬಿದ್ದ ಗೋಡೆಯೂ ಅವರದೇ, ರೂಲ್ಸೂ ಅವರದೇ. ಸೂರ್ಯ ಕೆರೆಯ ಮೇಲೆ ಒಂದು ಮಾರು ಎತ್ತರದಲ್ಲಿದ್ದ. ರಾಚಮ್ಮ ನನ್ನನ್ನೇ ನೋಡುತ್ತಿದ್ದಳು.

"ಗೇಟು ತಾನೇ ಬೇಕು ನಿಮಗೆ?" ಎಂದು ಗಜಾನನರ ಮುಖಕ್ಕೇ ಹೇಳಿ, ಮೈದಾನದ ಕಡೆ ತಿರುಗಿ ವಿಷಲ್ ಊದಿದೆ. "ಜುಬೇದಾ! ಎಲ್ಲರೂ ಬನ್ರೇ! ಗೇಟ್ ಎತ್ಕೊಂಡ್ ಬರೋಣ!"

ಹನ್ನೊಂದು ಹುಡುಗಿಯರು, ನಾನೊಬ್ಬಳು. ಬಲಗಡೆಯ ಕೀಲು ತುಕ್ಕು ತಿಂದು ಮೊದಲೇ ಸಡಿಲವಾಗಿತ್ತು. ಎಡಗಡೆಯದಕ್ಕೆ ಹಾರೆ ಕೊಟ್ಟು ಮೀಟಿದೆವು. ಕಿರ್ರೋ ಎಂದು ಅರಚಿ ಕಳಚಿಕೊಂಡಿತು. ಪ್ರಿನ್ಸಿಪಾಲರು ಕಿಟಕಿಯಿಂದ ಏನೋ ಕೂಗಿದರು. ಅವರು ತಮ್ಮ ಕೋಣೆಯಿಂದ ಗೇಟಿಗೆ ಬಂದು ಮುಟ್ಟುವುದು ಮರುದಿನವೇ ಎಂದು ಗೊತ್ತಿದ್ದುದರಿಂದ ನಾನು ಆ ಕಡೆ ನೋಡಲಿಲ್ಲ. ಗೇಟಿನ ಒಂದೊಂದು ಸರಳನ್ನೂ ಒಬ್ಬೊಬ್ಬಳು ಹಿಡಿದಿದ್ದಳು. ಇಷ್ಟು ದೂರ ಇಷ್ಟು ಭಾರ ಹೇಗೆ ಹೊರುತ್ತೇವೆ ಎಂದುಕೊಳ್ಳುವಷ್ಟರಲ್ಲಿ ಗೋಡೆಯ ಸಂದು ಎದುರಿಗಿತ್ತು. ದಾರಿ ನಮ್ಮೆಲ್ಲರಿಗೂ ಅಷ್ಟು ಕಿರಿದಾಗಿತ್ತು.

ಸಂದಿಗೆ ಅಡ್ಡಲಾಗಿ ಗೇಟನ್ನು ಒರಗಿಸಿ ನಿಲ್ಲಿಸಿದೆವು. ಗಜಾನನ ಮೂರು ಸಲ "ಇದೇನಿದು, ಇದೇನಿದು" ಎಂದರು. ಎಲ್ಲರೂ ರುದ್ರಯ್ಯನ ಮುಖ ನೋಡಿದರು. ಅವನು ಗೇಟನ್ನು ನೋಡಿದ, ಕಿತ್ತುಹೋದ ಚಪ್ಪಲಿಯನ್ನು ನೋಡಿದ, ಆಮೇಲೆ ಗಂಟಲು ಸರಿಮಾಡಿಕೊಂಡ.

"ಗೇಟ್ ಎಲ್ಲಿರ್ಬೇಕು ಅಂತ ರೂಲ್ಸಲ್ಲಿ ಬರ್ದಿಲ್ಲ," ಎಂದ.

ಮಾದೇವಿ ಎರಡು ಹೆಜ್ಜೆ ಮುಂದೆ ಬಂದು ಕಬ್ಬಿಣಕ್ಕೆ ಅಂಗೈ ಒತ್ತಿದಳು. ಮೂವತ್ತಮೂರು. ರಾಚಮ್ಮ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಅತ್ತು ಮುಗಿಸಿ, "ಇಲ್ಲಿ ಗಾಡಿ ಇಟ್ಕೊಂಡ್ರೆ ಯಾರಾದ್ರೂ ಬೇಡ ಅಂತಾರಾ?" ಎಂದು ಕೇಳಿದಳು. ಯಾರೂ ಬೇಡ ಎನ್ನಲಿಲ್ಲ.

ಎಣಿಕೆ ಪುಸ್ತಕದಲ್ಲಿ ಕೊನೆಗೊಂದು ಕಲಂ ಇದೆ, 'ಆಯ್ಕೆಗೆ ಕಾರಣ' ಎಂದು. ಇಷ್ಟು ವರ್ಷವೂ ಅದರಲ್ಲಿ ರುದ್ರಯ್ಯನೇ 'ಸ್ವಇಚ್ಛೆ' ಎಂದು ಗೀಚುತ್ತಿದ್ದ. ಅವತ್ತು ಅವನಿಗೆ ಏನನ್ನಿಸಿತೋ, ಪೆನ್ನನ್ನು ಮಾದೇವಿಗೆ ಕೊಟ್ಟ. ಅವಳು ಪುಸ್ತಕವನ್ನು ಗೇಟಿನ ಮೇಲಿಟ್ಟುಕೊಂಡು ಒಂದೇ ಸಾಲು ಬರೆದು ತನ್ನ ಗೆಳತಿಯರ ಜೊತೆ ಮೈದಾನಕ್ಕೆ ಓಡಿದಳು. ಹೊತ್ತು ಮುಳುಗುವ ಮೊದಲು ಸ್ವಲ್ಪವಾದರೂ ಆಡಬೇಕಂತೆ. ನಾನು ಕನ್ನಡಕ ಹಾಕಿಕೊಂಡು ಓದಿದೆ.

'ನಾನು ಬಿದ್ದಾಗ ಇವರು ಆಟ ನಿಲ್ಲಿಸಿದರು.'

ಎರಡು ಸಲ ಓದಿದೆ. ಸಿಟ್ಟು ಬಂತು. ಯಾರ ಮೇಲೆ ಎಂದು ನೋಡಿದರೆ ಗಜಾನನರ ಮೇಲಲ್ಲ, ಪುರಸಭೆಯ ಮೇಲೂ ಅಲ್ಲ. ಯಾರೇ ನಿಲ್ಲಿಸಲು ಹೇಳಿದ್ದು ಎಂದು ಕಿರುಚಿದವಳು ನಾನು. ಆ ಹುಡುಗಿಯನ್ನು ನಮ್ಮ ಕಡೆಗೆ ಕರೆತಂದ ಒಂದೇ ಒಂದು ಕೆಲಸಕ್ಕೆ ಹತ್ತು ಸುತ್ತಿನ ಶಿಕ್ಷೆ ಕೊಟ್ಟವಳು ನಾನು. ಗಜಾನನ ಗಡಿಯಾರ ಒತ್ತಿಸಿದರು, ನಾನು ಸುತ್ತು ಓಡಿಸಿದೆ, ಎಷ್ಟು ವ್ಯತ್ಯಾಸ? ಮಂಗಳಾರತಿ ತಟ್ಟೆ ಹಿಡಿದು ನ್ಯಾಯ ಅನ್ಯಾಯ ಎಂದು ಊರೆಲ್ಲ ಸುತ್ತಿದೆನಲ್ಲ, ನನಗೆ ನಾಚಿಕೆಯಾಯಿತು.

ಗೋಡೆಯ ಸಂದಿನಿಂದ ಜುಬೇದಾ ನಿಂತಿದ್ದ ಜಾಗ ಇಪ್ಪತ್ತು ಹೆಜ್ಜೆ ಇದ್ದೀತು. ನಾನು ಹೊರಟೆ. ನಡೆದೆ. ಹುಡುಗಿಯರು ಅಷ್ಟೇ ದೂರದಲ್ಲಿದ್ದರು. ಇನ್ನೂ ನಡೆದೆ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ಹುಡುಗಿಯ ಮುಂದೆಯೂ ತಪ್ಪಾಯಿತು ಎಂದವಳಲ್ಲ ನಾನು, ಆ ಅಭ್ಯಾಸವೇ ಕಾಲಿಗಿಲ್ಲ. ನೂರು ದಾಟಿತು, ಇನ್ನೂರು ದಾಟಿತು. ತಿರುಗಿ ಹೋಗೋಣ, ನಾಳೆ ಹೇಳೋಣ ಎನಿಸಿತು. ತಿರುಗಿದ್ದರೆ ಗೇಟು ಬೆನ್ನ ಹಿಂದೆಯೇ ಇರುತ್ತಿತ್ತು. ಆದರೆ ಹೊಂಗೆಮರದ ಹತ್ತಿರ ಬರಲು ಅಷ್ಟು ದೂರವೇ ಎಂದು ಕೇಳಿದ ಹೆಂಗಸು ಗೋಡೆಯ ಹತ್ತಿರ ನಿಂತು ನೋಡುತ್ತಿದ್ದಳು. ಮುನ್ನೂರ ನಲವತ್ತನೆಯ ಹೆಜ್ಜೆಗೆ ಜುಬೇದಾ ನನ್ನ ಎದುರಿಗಿದ್ದಳು.

"ಅವತ್ತು ನೀನು ಆಟ ನಿಲ್ಲಿಸಿದ್ದು ಸರಿ ಕಣೇ. ಹತ್ತು ಸುತ್ತು ಓಡಿಸಿದ್ದು ನನ್ನ ತಪ್ಪು," ಎಂದೆ. ಏದುಸಿರು ಬರುತ್ತಿತ್ತು.

ಜುಬೇದಾ ಕಕ್ಕಾಬಿಕ್ಕಿಯಾದಳು. ಆಮೇಲೆ ನಕ್ಕಳು. "ಅಯ್ಯೋ ಬಿಡಿ ಮಿಸ್. ಅವತ್ತು ಹತ್ತು ಸುತ್ತು ಓಡಿದ್ದೇ ಗೊತ್ತಾಗ್ಲಿಲ್ಲ. ಪ್ರತಿ ಸುತ್ತಿನ ಕೊನೇಲೂ ಮಾದೇವಿ ಕೂತಿದ್ಲಲ್ಲ, ಅವ್ಳ ಹತ್ರ ತಾನೇ ಓಡಿ ಬರ್ತಿದ್ದಿದ್ದು?"

ನೋಟೀಸಿಗೆ ಉತ್ತರ ಬರೆದಿದ್ದೇನೆ. ಆಮಿಷ ಏನು ಎಂಬ ಪ್ರಶ್ನೆಗೆ, ಎಣಿಕೆ ಪುಸ್ತಕದ ಕೊನೆಯ ಕಲಂ ನೋಡಿಕೊಳ್ಳಿ ಎಂದಿದ್ದೇನೆ. ಗೇಟನ್ನು ಮೊದಲಿನ ಜಾಗಕ್ಕೆ ಹಾಕುವುದಿಲ್ಲ, ಬೇಕಾದವರು ಬಂದು ಹೊತ್ತುಕೊಂಡು ಹೋಗಬಹುದು, ಅವರಿಗೆ ಎಷ್ಟು ದೂರವಾಗುತ್ತದೋ ನಾನೂ ನೋಡುತ್ತೇನೆ ಎಂದೂ ಬರೆದಿದ್ದೇನೆ. ಕಾಗದವನ್ನು ಇಂದು ಬೆಳಿಗ್ಗೆ ನಾನೇ ಪುರಸಭೆಗೆ ಕೊಟ್ಟು ಬಂದೆ. ಮೂರು ಮೈಲಿಯ ದಾರಿ ಅದು. ಹನ್ನೆರಡು ಹೆಜ್ಜೆಗೆ ಮುಗಿಯಿತು.